ಎಳೆಯ ಮಕ್ಕಳನ್ನು ಯಾರ ಕೈಗೆ ಒಪ್ಪಿಸೋಣ?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೈಸ್ಕೂಲಿನ ವರೆಗೆ ಓದಿದ ಹೆಣ್ಣುಮಕ್ಕಳು ಈಗ ಬಹುಮಂದಿ ಇದ್ದಾರೆ. ಅವರಲ್ಲಿ ಕೆಲವರನ್ನು ಆರು ವರುಷದೊಳಗಿನ ಮಕ್ಕಳ ಪಾಲನೆಗೂ ಶಿಕ್ಷಣಕ್ಕೂ ತರಬೇತು ಮಾಡುವದು ಒಳ್ಳೇದೆಂದು ಯಾರಾದರೂ ಹೇಳಿದರೆ ಕೂಡಲೇ ಎರಡು ಮಾತುಗಳು ಏಳುವವು. ಮಕ್ಕಳನ್ನಾಡಿಸುವದಕ್ಕೆ ಓದು ಯಾತಕ್ಕೆ ಎಂಬದು ಒಂದು. ಇಷ್ಟು ಓದಿಸಿದ್ದು ಕಂಡವರ ಮಕ್ಕಳ ಮೂಗು ಒರಸುವದಕ್ಕೋ ಎಂಬದು ಇನ್ನೊಂದು. ಈ ಎರಡು ಮಾತುಗಳೂ ಒಂದೇ ಬೇರಿನಿಂದ ಹುಟ್ಟಿದವುಗಳೇ. ಎಳೆಯ ಮಕ್ಕಳ ಕೆಲಸವು ಕೀಳಾದ ಕೆಲಸವೆಂಬದೇ ಆ ಬೇರು. ಈ ಎಣಿಕೆಯು ನ್ಯಾಯವಾದದ್ದೋ ಅಲ್ಲವೋ ಎಂದು ಸ್ವಲ್ಪ ವಿಚಾರಿಸೋಣ.

ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತ ಬೆಳೆಯುವ ರೈತನನ್ನು ಕೇಳಿ ನೋಡಿರಿ. ನಾಟಿಗೂ ಕಳೆಗೂ ಅವನು ಕೂಲಿಯಾಳುಗಳನ್ನು ಕರೆಯುವನು. ಒಟ್ಲು ಬಿಡುವ ಕೆಲಸವನ್ನಾದರೋ ತಾನೇ ನಿಂತು ಮಾಡುವನು, ಇಲ್ಲವೆ ಕೈಗುಣ ಬಲ್ಲ ಹಿರಿಯನಿಗೆ ಒಪ್ಪಿಸುವನು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿಮಡಿಯ ಸಂಗತಿಯೂ ಹಾಗೆಯೇ. ಸಸಿಯು ಮಡಿಯಲ್ಲಿಯೇ ಕೆಟ್ಟರೆ ಮುಂದೆ ಎಷ್ಟು ಗೊಬ್ಬರ ಹಾಕಿದರೂ ಪೈರು ಏಳದೆಂದು ಅವನು ಬಲ್ಲನು. ಪೈರಿನ ವಿಷಯದಲ್ಲಿ ಇಷ್ಟು ಬುದ್ಧಿಯುಳ್ಳ ನಾವು ಮಕ್ಕಳ ವಿಷಯದಲ್ಲಿ ಇದಕ್ಕೆ ವಿರೋಧವಾಗಿ ನಡೆಯುತ್ತೇವೆ. ಕಾಲೇಜಿನ ಹುಡುಗನಿಗೆ ಪಂಡಿತರನ್ನು ಹುಡುಕುತ್ತೇವೆ. ಮೂರು ವರುಷದ ಕೂಸನ್ನೋ ಯಾರಿಗೆ ಬೇರೆ ಕೆಲಸವಿಲ್ಲವೋ ಅವರ ಬಳಿಯಲ್ಲಿ ಬಿಟ್ಟು ಹೋಗುತ್ತೇವೆ.

ಪ್ರೀತಿಯಿದ್ದರೆ ಸಾಲದೇ ಎನ್ನುವವರುಂಟು. ಪ್ರೀತಿಯಿಲ್ಲದೆ ಈ ಕೆಲಸವು ನಡೆಯದೆಂಬದು ಸತ್ಯವೇ. ಆದರೂ ತಿಳುವಳಿಕೆಯಿಲ್ಲದ ಪ್ರೀತಿಯು ಎಷ್ಟೋ ಸಾರಿ ಮೋಸಹೋಗುವದು. ಹೆಗ್ಗಡದೇವನಕೋಟೆಯ ಹಾಡಿಯಿಂದ ಬಂದ ಜೇನುಕುರುಬರ ಮಗುವು ಮನೆಯಲ್ಲಿ ತನ್ನ ಜನರ ಮಾತನ್ನೇ ಆಡಿ ಬೆಳೆದಿರುತ್ತದೆ. ಅದು ಶಾಲೆಯ ಕನ್ನಡವನ್ನು ಕೇಳಿ ಸುಮ್ಮನೆ ಕೂತರೆ, ತರಬೇತಿಲ್ಲದವಳು ಅದನ್ನು ಮಂದಬುದ್ಧಿಯ ಮಗುವೆಂದು ನೆನಸುವಳು. ತರಬೇತು ಹೊಂದಿದವಳು ಅದರ ಮಾತಿನಲ್ಲಿ ನಾಲ್ಕು ಶಬ್ದಗಳನ್ನು ತಾನು ಮೊದಲು ಕಲಿಯುವಳು. ಮಗುವಿನ ತೂಕವು ತಿಂಗಳು ತಿಂಗಳು ಏರದೆ ನಿಂತದ್ದನ್ನು ಗುರುತಿಸುವದಕ್ಕೂ, ಹಟ ಮಾಡುವ ಮಗುವಿಗೆ ಹಸಿವೋ ಭಯವೋ ಕಿವಿ ಕೇಳದಿರುವದೋ ಎಂದು ತಿಳಿಯುವದಕ್ಕೂ ಕಲಿತ ಕಣ್ಣು ಬೇಕು.

ಆಟವು ವ್ಯರ್ಥಕಾಲವಲ್ಲವೆಂಬದಕ್ಕೆ ಸಾಕ್ಷಿಯನ್ನು ಹುಡುಕುತ್ತಾ ನಾವು ದೂರ ಹೋಗಬೇಕಾದದ್ದಿಲ್ಲ. ನಲಿಯುತ್ತಾ ಕಲಿಯುವ ‘ನಲಿ ಕಲಿ’ ಕ್ರಮವು ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೇ ಮೊದಲಾಯಿತು. ಅಲ್ಲಿಯ ಸರಕಾರೀ ಉಪಾಧ್ಯಾಯರು ಆಂಧ್ರ ಸೀಮೆಯ ರಿಷಿ ವ್ಯಾಲಿಗೆ ಹೋಗಿ ಕಲಿಕೆಯ ಮೆಟ್ಟಲುಗಳನ್ನೂ ಕಾರ್ಡುಗಳನ್ನೂ ನೋಡಿಬಂದು, ಹಾಡಿ ಹಳ್ಳಿಗಳ ಮಕ್ಕಳಿಗೆ ತಕ್ಕಂತೆ ತಾವೇ ಮಾಡಿಕೊಂಡರು. ೨೦೦೯ರಿಂದೀಚೆಗೆ ಆ ಕ್ರಮವು ರಾಜ್ಯದ ಸರಕಾರೀ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಕಾಡಂಚಿನ ತಾಲ್ಲೂಕು ನಾಡಿಗೆ ಕಲಿಸಿತು. ಕಲಿಸಿದವರಾದರೋ ಮೊದಲು ತಾವು ಹೋಗಿ ಕಲಿತವರೇ.

ಇನ್ನು ಓದಿದ ಹುಡುಗಿಗೆ ಈ ಕೆಲಸವು ತಕ್ಕದ್ದೋ ಎಂಬ ಪ್ರಶ್ನೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಅಲ್ಸಾಸ್ ಸೀಮೆಯ ಬಡ ಬೆಟ್ಟದೂರುಗಳಲ್ಲಿ ಓಬರ್‌ಲಿನ್ ಎಂಬ ಪ್ರೊಟೆಸ್ಟಂಟ್ ಪಾದ್ರಿಯು ಸಭೆಯನ್ನು ಪಾಲಿಸುತ್ತಿದ್ದನು. ಸಾರಾ ಬಾನ್ಜೆ ಎಂಬ ಹಳ್ಳಿಯ ಹುಡುಗಿಯು ತನ್ನ ಮನೆಯಲ್ಲಿ ಮಕ್ಕಳನ್ನು ಕೂಡಿಸಿ ಹೆಣಿಗೆ ಕಲಿಸುವದನ್ನು ಅವನು ಕಂಡು, ಆ ಕೆಲಸಕ್ಕೆ ಬೆಂಬಲ ಕೊಟ್ಟನು. ತಂದೆತಾಯಿಗಳು ಹೊಲಕ್ಕೆ ಹೋದಾಗ ಮಕ್ಕಳನ್ನು ಕಾಯುವ ಶಾಲೆಗಳು ಹೀಗೆ ಹುಟ್ಟಿದವು. ಲೂಯಿಸ್ ಷೆಪ್ಲರ್ ಎಂಬವಳು ಹದಿನೈದು ಹದಿನಾರರ ಪ್ರಾಯದಲ್ಲಿ, ಎಂದರೆ ನಮ್ಮ ಹೈಸ್ಕೂಲು ಹುಡುಗಿಯರ ಪ್ರಾಯದಲ್ಲಿ, ಅವನ ಮನೆಗೆ ಬಂದು ಈ ಕೆಲಸಕ್ಕೆ ತನ್ನ ಜೀವಮಾನವನ್ನೇ ಕೊಟ್ಟಳು. ಫ್ರೊಬೆಲ್ ಪಂಡಿತನು ಜರ್ಮನಿಯಲ್ಲಿ ೧೮೩೭ರಲ್ಲಿ ತನ್ನ ಶಿಶುಶಾಲೆಯನ್ನು ತೆರೆಯುವದಕ್ಕೆ ಎಷ್ಟೋ ಮುಂಚಿನ ಮಾತು ಇದು. ೧೮೨೯ರಲ್ಲಿ ಫ್ರೆಂಚ್ ಅಕಾಡೆಮಿಯು ಲೂಯಿಸಳಿಗೆ ಸದ್ಗುಣದ ಬಹುಮಾನವನ್ನು ಕೊಟ್ಟಿತು. ಮೂಗು ಒರಸುವ ಕೆಲಸವು ಅವಳನ್ನು ಕೀಳುಮಾಡಲಿಲ್ಲ.

ಈಕೆಯ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಜಾಗ್ರತೆಯಾಗಿ ತಿಳಿಯಬೇಕು. ತನಗೆ ಸಂಬಳ ಬೇಡ, ಮನೆಯ ಮಗಳಂತೆ ಇಟ್ಟುಕೊಂಡರೆ ಸಾಕೆಂದು ಅವಳು ತಾನಾಗಿ ಕೇಳಿಕೊಂಡಳು. ಅದು ಅವಳ ಕಾಣಿಕೆ. ಅವಳು ಬೇಡವೆಂದಳೆಂದು ನಾವು ಇನ್ನೊಬ್ಬಳಿಗೆ ನಿನಗೂ ಬೇಡವೆಂದು ಹೇಳಬಹುದೋ? ಸೇವೆ ಎಂಬ ಮಾತನ್ನು ಕೊಡುವವಳು ಹೇಳಬಹುದು; ಪಡೆಯುವವರು ಹೇಳಿದರೆ ಅದು ಕೂಲಿಯನ್ನು ಹಿಡಿದಿಡುವ ಉಪಾಯವಾಗುವದು.

ನಮ್ಮ ದೇಶದಲ್ಲಿ ಇದು ಬರೀ ಊಹೆಯ ಮಾತಲ್ಲ. ಅಂಗನವಾಡಿಯ ಯೋಜನೆಯು ೧೯೭೫ನೇ ಅಕ್ಟೋಬರ್ ೨ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಲ್ಪಟ್ಟದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೇ. ಅಂದಿನಿಂದ ಮಕ್ಕಳ ಆಹಾರ, ತೂಕ, ಚುಚ್ಚುಮದ್ದಿನ ನೆನಪು, ಆಟಪಾಠ, ಬಸುರಿ ಬಾಣಂತಿಯರ ಲೆಕ್ಕ ಇವೆಲ್ಲವೂ ಒಬ್ಬ ಕಾರ್ಯಕರ್ತೆಯ ಮತ್ತು ಒಬ್ಬ ಸಹಾಯಕಿಯ ಕೈಗೆ ಬಂದವು. ಅವರಿಗೆ ಕೊಡುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಕರ್ನಾಟಕದಿಂದ ಹೋದ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೨೦೦೬ರಲ್ಲಿ ಇವರದು ಸರಕಾರೀ ಹುದ್ದೆಯಲ್ಲವೆಂದು ತೀರ್ಪು ಕೊಟ್ಟಿತು. ೨೦೨೨ರಲ್ಲಿ ಅದೇ ಕೋರ್ಟು ಇವರಿಗೆ ಗ್ರಾಚುಯಿಟಿಯು ಸಲ್ಲತಕ್ಕದ್ದೆಂದು ಹೇಳಿತು. ನಮ್ಮ ಹುಡುಗಿಯರನ್ನು ಈ ದಾರಿಗೆ ಕರೆಯುವವರು ಈ ಸಂಗತಿಯನ್ನು ಅವರಿಂದ ಮರೆಮಾಡಬಾರದು.

ಹಾಗಾದರೆ ಕರೆಯುವದೇ ತಪ್ಪೋ? ಅಲ್ಲ. ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವಾಗಲೂ, ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣು ಕೀಳುವಾಗಲೂ ನಮ್ಮ ಮನೆಗಳಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಲ್ಲುವವಳು ಯಾರು? ಆರನೆಯದೋ ಏಳನೆಯದೋ ತರಗತಿಯ ಅಕ್ಕನೇ. ಅವಳು ಆ ದಿವಸಗಳ ಪಾಠವನ್ನು ಕಳಕೊಂಡು, ಯಾರಿಂದಲೂ ಕಲಿಯದೆ, ಯಾರಿಂದಲೂ ಹೊಗಳಿಕೆ ಹೊಂದದೆ ಈ ಕೆಲಸವನ್ನು ಮಾಡುತ್ತಿದ್ದಾಳೆ. ಊರಿನಲ್ಲಿ ತರಬೇತು ಹೊಂದಿದ ಒಬ್ಬಳು ಮಕ್ಕಳನ್ನು ನೋಡಿಕೊಂಡರೆ ಹತ್ತು ಅಕ್ಕಂದಿರು ಶಾಲೆಗೆ ಹೋಗುವರು. ಎಳೆಯ ಮಕ್ಕಳ ಉಪಾಧ್ಯಾಯಿನಿಯು ಕೂಸುಗಳನ್ನು ಮಾತ್ರವೇ ಅಲ್ಲ, ಅವರ ಅಕ್ಕಂದಿರನ್ನೂ ಓದಿಸುತ್ತಾಳೆ.

ಇನ್ನೊಂದು ಪ್ರಯೋಜನವುಂಟು. ಕಾರ್ಯಕರ್ತೆಯಾಗಬೇಕಾದರೆ ಹತ್ತೊಂಬತ್ತು ವರುಷ ತುಂಬಿ ಪಿಯುಸಿ ಮುಗಿಸಿರಬೇಕು, ಅದೇ ಊರಿನವಳಾಗಿರಬೇಕು. ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಹದಿನಾರು. ಈ ಮಧ್ಯದ ಮೂರು ವರುಷಗಳಲ್ಲಿಯೇ ನಮ್ಮ ಹೆಣ್ಣುಮಕ್ಕಳು ಕೈತಪ್ಪಿ ಹೋಗುತ್ತಾರೆ. ಕೆಲವರು ಕೂಲಿಗೆ, ಕೆಲವರು ಹದಿನೆಂಟು ತುಂಬುವ ಮೊದಲೇ ಕಾನೂನಿಗೆ ವಿರೋಧವಾದ ಮದುವೆಗೆ. ಮುಂದೆ ಒಂದು ಬಾಗಿಲು ತೆರೆದಿದೆಯೆಂದು ಹೈಸ್ಕೂಲಿನಲ್ಲಿಯೇ ತೋರಿಸಿದರೆ, ಅದರ ವರೆಗೆ ನಡೆಯುವದಕ್ಕೆ ಅವಳಿಗೂ ಅವಳ ತಂದೆಗೂ ಒಂದು ಕಾರಣ ಸಿಕ್ಕುವದು.

ಆದಕಾರಣ ನಾವು ಮೂರು ನಿಯಮಗಳನ್ನು ಇಟ್ಟುಕೊಳ್ಳತಕ್ಕದ್ದು. ಮೊದಲನೆಯದು, ಬಡವಳೆಂದೋ ಅಂಕಗಳು ಕಡಿಮೆಯೆಂದೋ ಯಾರನ್ನೂ ಇದಕ್ಕೆ ನೂಕಬಾರದು. ಡಾಕ್ಟರಾಗಬೇಕೆಂಬವಳಿಗೆ ಆ ದಾರಿಯೇ ಇರಲಿ, ಇದನ್ನು ಬಯಸುವ ಹುಡುಗನಿದ್ದರೆ ಅವನಿಗೂ ಎಳೆಯ ಮಕ್ಕಳ ಶಿಕ್ಷಣವನ್ನು ಕಲಿಸೋಣ. ಎರಡನೆಯದು, ತರಬೇತೆಂಬ ಹೆಸರಿನಲ್ಲಿ ಹುಡುಗಿಯರಿಂದ ಬಿಟ್ಟಿಯ ಕೆಲಸ ತಕ್ಕೊಳ್ಳಬಾರದು. ಅವಳು ಅಂಗನವಾಡಿಗೆ ಹೋಗುವದು ಕಲಿಯುವದಕ್ಕೆ, ಇಲ್ಲದ ಸಹಾಯಕಿಯ ಬದಲಿಗೆ ಗುಡಿಸುವದಕ್ಕಲ್ಲ. ಮೂರನೆಯದು, ಕೆಲಸಕ್ಕೆ ತಕ್ಕ ಸಂಬಳವನ್ನು ಅವಳು ಕೇಳಿದಾಗ ಹಣದಾಸೆಯವಳೆಂದು ದೂರದೆ ಅವಳ ಪಕ್ಷದಲ್ಲಿ ನಿಲ್ಲಬೇಕು.

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಊರಿನ ಅಂಗನವಾಡಿಗೆ ಒಂದು ದಿವಸ ಹೋಗಿ ಬಾಗಲಲ್ಲಿ ನಿಂತು ನೋಡಿರಿ. ಅಲ್ಲಿರುವವಳನ್ನು ‘ಅನ್ನ ಹಾಕುವವಳು’ ಎಂದು ಕರೆಯದೆ ‘ಟೀಚರಮ್ಮ’ ಎಂದು ಕರೆಯಿರಿ. ಆ ಮೇಲೆ ಮನೆಗೆ ಬಂದು, ನಾನು ಆ ಕೆಲಸ ಕಲಿಯಲೋ ಎಂದು ನಿಮ್ಮ ಮಗಳು ಕೇಳಿದರೆ ಏನು ಉತ್ತರ ಕೊಡಬೇಕೆಂಬದನ್ನು ಆಲೋಚಿಸಿಕೊಳ್ಳಿರಿ.