ಕೊನೆಯ ರೇಸಿನ ಎರಡು ಸಾವಿರ

ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಅಣ್ಣನ ಜೊತೆ ನೀನೂ ಹೋಗು. ಅವನನ್ನ ತಡೆಯೋಕೆ ನಿನ್ನ ಕೈಲಿ ಆಗಲ್ಲ, ಬರೋವಾಗ ಮನೆ ತನಕ ಕರ್ಕೊಂಡು ಬಾ. ಬಿಪಿ, ಶುಗರ್ ಮಾತ್ರೆ ಮುಗಿದಿದೆಯಂತೆ. ಎರಡು ಸಾವಿರ ನಿನಗೆ ಹಾಕಿದೀನಿ. ಅವನ ಕೈಗೆ ಮಾತ್ರ ಕೊಡಬೇಡ."

ಮಾವನಿಗೆ ಅರವತ್ತಮೂರು. ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ರೇಸಿಗೂ ಹೆಚ್ಚುಕಡಿಮೆ ಅಷ್ಟೇ ವರ್ಷದ ಸರ್ವೀಸು. ಅತ್ತೆಯ ಎರಡೆಳೆ ಸರ ಹೋಗಿದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಅದಕ್ಕಾಗಿ ಮನೆಯಲ್ಲಿ ಜಗಳ ಆದದ್ದನ್ನು ನಾನು ಕೇಳಿಲ್ಲ. ರೇಸಿನ ದಿನ ಅತ್ತೆ ಬೆಳಿಗ್ಗೆಯೇ ಡಬ್ಬಿಗೆ ಚಿತ್ರಾನ್ನ ಹಾಕಿ, ಮಾತಿಲ್ಲದೆ ಮೇಜಿನ ಮೇಲಿಡುತ್ತಾರೆ. ಆ ದಿನ ಎರಡು ಡಬ್ಬಿ ಇಟ್ಟಿದ್ದರು.

ನಾನು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿರುವುದು ಮಹಾಭಾರತದಲ್ಲಿ ದೈವ ಮತ್ತು ಪುರುಷಕಾರದ ಕುರಿತು. ಮನುಷ್ಯನ ಪ್ರಯತ್ನ ಎಲ್ಲಿಗೆ ಮುಗಿಯುತ್ತದೆ, ಅದರಾಚೆಯದು ಎಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ಪ್ರಶ್ನೆ. ಹಾಗಾಗಿ ದ್ಯೂತಪ್ರಸಂಗದ ಬಗ್ಗೆ ಎರಡು ಸೆಮಿನಾರ್ ಪೇಪರ್ ಓದಿದವನು. ಜೂಜು ನಡೆಯುವ ಜಾಗಕ್ಕೆ ಒಮ್ಮೆಯೂ ಹೋದವನಲ್ಲ. ಸಿಟಿ ಬಸ್ಸು ಇಳಿದು, ಇಟ್ಟಿಗೆಗೂಡಿನ ಕಡೆಯಿಂದ ನಡೆಯುವಾಗ ಮಾವನನ್ನು ಕಾಯಲು ಬಂದವನ ಠೀವಿ ನನ್ನಲ್ಲಿತ್ತೆಂದು ಈಗ ನೆನೆದರೆ ನಗು ಬರುತ್ತದೆ.

ಮೈಸೂರಿನ ರೇಸ್‌ಕೋರ್ಸು ಚಾಮುಂಡಿಬೆಟ್ಟದ ಬುಡದಲ್ಲಿದೆ. ಹಿಂದಿನ ರಾತ್ರಿ ಮಳೆ ಬಂದು ಹುಲ್ಲು ಹಸಿರಾಗಿತ್ತು. ಬೆಟ್ಟದ ಮೇಲೆ ಮೋಡ ಕೂತಿತ್ತು. ಇಷ್ಟು ಚಂದದ ಜಾಗದಲ್ಲಿ ಯಾರೂ ಬೆಟ್ಟದ ಕಡೆ ತಲೆ ಎತ್ತದಿರುವುದೇ ನನಗೆ ಮೊದಲು ಕಂಡದ್ದು. ಎಲ್ಲರ ಕಣ್ಣೂ ಕೈಯಲ್ಲಿರುವ ರೇಸ್ ಬುಕ್ಕಿನಲ್ಲಿ. ಪೆನ್ಸಿಲ್ ಕಿವಿಯ ಸಂದಿಯಲ್ಲಿ. ನಮ್ಮ ವಿಭಾಗದ ಲೈಬ್ರರಿಯಲ್ಲಿ ಅಷ್ಟು ಶ್ರದ್ಧೆಯಿಂದ ಓದುವವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ.

ಮಾವ ನನಗೆ ಪಾಠ ಶುರು ಮಾಡಿದರು. ಕುದುರೆ ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು, ಎಷ್ಟು ದೂರದ ಓಟ, ಗೇಟಿನ ಯಾವ ಡ್ರಾ ಸಿಕ್ಕಿದೆ, ಜಾಕಿ ಯಾರು, ಬೆಳಗಿನ ತಾಲೀಮಿನಲ್ಲಿ ಆರುನೂರು ಮೀಟರಿಗೆ ಎಷ್ಟು ಸೆಕೆಂಡು ತೆಗೆದುಕೊಂಡಿತು. ನೆಲ ಎಷ್ಟು ಮೆತ್ತಗಿದೆಯೆಂದು ಅಳೆಯಲು ಪೆನೆಟ್ರೊಮೀಟರ್ ಎಂಬ ಸಾಧನ ಇದೆಯಂತೆ. "ಮಳೆ ನೆಲದಲ್ಲಿ ಕೆಲವಕ್ಕೆ ಕಾಲೇ ಏಳಲ್ಲ, ಕೆಲವು ಅಲ್ಲೇ ಓಡೋದು" ಎಂದರು. ಲೇತ್ ಮೇಲೆ ಮಿಲಿಮೀಟರಿನ ನೂರನೇ ಭಾಗ ನೋಡಿದ ಕಣ್ಣು ಅದು. ಅವರಿಗೆ ಲೆಕ್ಕ ಬರುವುದಿಲ್ಲವೆಂದು ಮನೆಯವರು ಆಡಿಕೊಳ್ಳುವುದು ಸುಳ್ಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹ್ಯಾಂಡಿಕ್ಯಾಪ್ ಎಂಬ ವ್ಯವಸ್ಥೆ. ಚೆನ್ನಾಗಿ ಓಡಿದ ಕುದುರೆಯ ರೇಟಿಂಗ್ ಏರುತ್ತದೆ, ರೇಟಿಂಗ್ ಏರಿದಂತೆ ಅದರ ಬೆನ್ನಿನ ಭಾರವೂ ಏರುತ್ತದೆ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸುತ್ತಾರೆ. ಸೋತದ್ದಕ್ಕೆ ಭಾರ ಕಡಿಮೆ. ಲೆಕ್ಕ ಪಕ್ಕಾ ಆದರೆ ಎಲ್ಲ ಕುದುರೆಗಳೂ ಒಂದೇ ಕ್ಷಣಕ್ಕೆ ಗೆರೆ ಮುಟ್ಟಬೇಕು. ಅಂದರೆ ಈ ಆಟ ನಿಂತಿರುವುದೇ ಪೂರ್ತಿ ಸಮಾನತೆ ಎಂದೂ ಸಾಧ್ಯವಾಗದು ಎಂಬ ನಂಬಿಕೆಯ ಮೇಲೆ. ಮೆರಿಟ್ ಕುರಿತು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ವಾದ ಮಾಡುವ ಗೆಳೆಯರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು ಅನ್ನಿಸಿತು. ಹೊತ್ತ ಭಾರವನ್ನು ಬಿಟ್ಟು ಬರೀ ಓಟವನ್ನು ನೋಡಬಾರದೆಂದು ಇಲ್ಲಿನ ಚಿಲ್ಲರೆ ಜೂಜುಕೋರನಿಗೂ ಗೊತ್ತು.

ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ, ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದೆ. ಈ ವಿಷಯ ಮಾವನಿಗೆ ಬಾಯಿಪಾಠ. ಆದರೆ ಟೋಟ್ ಕಿಟಕಿಯ ಮುಂದೆ ನಿಂತರೆ ಬೇರೊಂದು ಲೆಕ್ಕ ಕಾಣುತ್ತದೆ. ಅಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ. ಅದರಲ್ಲಿ ತೆರಿಗೆ ಹೋಗುತ್ತದೆ, ಕ್ಲಬ್ಬಿನ ಪಾಲು ಹೋಗುತ್ತದೆ, ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಆಗ ಜಿಎಸ್‌ಟಿ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಬಂದವರೆಲ್ಲ ಮಹಾ ಬುದ್ಧಿವಂತರೇ ಆದರೂ ಎಲ್ಲರೂ ಸೇರಿ ಸೋಲುವುದು ಗ್ಯಾರಂಟಿ. ಇನ್ನೊಂದು ಸಂಗತಿ: ಇಲ್ಲಿ ನಾನು ಗೆಲ್ಲುವುದು ಕುದುರೆಯಿಂದಲ್ಲ, ಕ್ಲಬ್ಬಿನಿಂದಲೂ ಅಲ್ಲ. ಕ್ಯೂನಲ್ಲಿ ನನ್ನ ಹಿಂದೆ ನಿಂತವನ ಜೇಬಿನಿಂದ. ನನ್ನ ಹಿಂದೆ ಖಾಕಿ ಅಂಗಿಯ ಆಟೋದವರೊಬ್ಬರು ನಿಂತಿದ್ದರು. ಬೆವರೊರೆಸಿಕೊಂಡು, "ಸಾರ್, ಮೂರನೇದಕ್ಕೆ ಯಾವುದು ಬರುತ್ತೆ ಅಂತೀರಾ?" ಎಂದು ನನ್ನನ್ನೇ ಕೇಳಿದರು.

ಹೌದು, ನಾನು ಕ್ಯೂನಲ್ಲಿದ್ದೆ. ಮಾವ ಪ್ಯಾಡಕ್ ಬಳಿ ಕುದುರೆಗಳ ನಡಿಗೆ ನೋಡಲು ಹೋಗಿದ್ದಾಗ, ಮೂರನೇ ರೇಸಿಗೆ ನೂರು ರೂಪಾಯಿ ಕಟ್ಟಿದೆ. ಅನುಭವಕ್ಕಾಗಿ ಎಂದುಕೊಂಡೆ. ಸಂಶೋಧಕರಿಗೆ ಕ್ಷೇತ್ರಕಾರ್ಯ ಎಂಬ ಒಳ್ಳೆಯ ಪದವೊಂದಿದೆ. ನನ್ನ ಕುದುರೆ ಕೊನೆಯ ಇನ್ನೂರು ಮೀಟರಿನಲ್ಲಿ ಹೊರಗಿನಿಂದ ನುಗ್ಗಿ ಬಂತು. ನನ್ನ ಗಂಟಲಿನಿಂದ ಹೊರಟ ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನೂರು ಇನ್ನೂರ ಅರವತ್ತಾಯಿತು. ಫೆಲೋಶಿಪ್ಪಿನ ಬಾಕಿ ಒಟ್ಟಿಗೆ ಜಮಾ ಆದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಯಾಕೆಂದರೆ ಅದು ಬರಬೇಕಾದ ದುಡ್ಡು. ಇದು 'ನಾನು ಸರಿ' ಎಂದು ಜಗತ್ತು ಒಪ್ಪಿಕೊಂಡ ದುಡ್ಡು. ಮಾವ ಮೂವತ್ತು ವರ್ಷ ಹುಡುಕುತ್ತಿರುವುದು ಹಣವನ್ನಲ್ಲ ಎಂದು ಆಗ ಹೊಳೆಯಿತು.

ಕುದುರೆಗಳ ಮಾತು. ಜಗತ್ತಿನ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡುವಂಶ ಇಂಗ್ಲೆಂಡಿಗೆ ಬಂದ ಮೂರು ಪೂರ್ವದೇಶದ ಗಂಡುಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ಮುನ್ನೂರು ವರ್ಷ ವೇಗವೊಂದನ್ನೇ ಆರಿಸಿ ಆರಿಸಿ ಮಾಡಿದ ಪ್ರಾಣಿ. ಸುಮಾರು ಐನೂರು ಕಿಲೋ ಮೈ, ನನ್ನ ಮುಂಗೈಯಷ್ಟು ಸಪೂರ ಕಾಲು. ಅದು ಮುರಿದರೆ ಹೆಚ್ಚಿನ ಸಲ ಉಳಿಸಲು ಆಗುವುದಿಲ್ಲ. ಪ್ಯಾಡಕ್‌ನಲ್ಲಿ ಒಂದು ಕಂದು ಹೆಣ್ಣು ಕುದುರೆ ನನ್ನಿಂದ ಮಾರುದೂರದಲ್ಲಿ ನಿಂತು ಮೂಗರಳಿಸಿ ಮಳೆಯ ವಾಸನೆ ನೋಡುತ್ತಿತ್ತು. ಅಲ್ಲಿ ಪಣ ಕಟ್ಟದಿದ್ದ ಜೀವ ಅದೊಂದೇ. ಅತಿ ದೊಡ್ಡದನ್ನು ಪಣಕ್ಕಿಟ್ಟಿದ್ದೂ ಅದೇ, ಅದನ್ನು ಯಾರೂ ಕೇಳಿರಲಿಲ್ಲ. ದ್ರೌಪದಿ ಸಭೆಗೆ ಕೇಳಿದ ಪ್ರಶ್ನೆ ನನಗೆ ಯಾವಾಗಲೂ ವ್ಯಾಕರಣದ ಜಾಣ್ಮೆಯಂತೆ ಕಾಣುತ್ತಿತ್ತು: ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಯದು? ಆ ಕಟಾಂಜನದ ಬಳಿ ಅದು ಬೇರೆಯಾಗಿ ಕೇಳಿಸಿತು. ಎರಡೆಳೆ ಸರದ ನೆನಪೂ ಆಯಿತು.

ಊಟದ ಹೊತ್ತಿಗೆ ಮಾವನಿಗೆ ನಳನ ಕಥೆ ಹೇಳಿದೆ. ಬುದ್ಧಿ ಹೇಳುವ ಉದ್ದೇಶವಿತ್ತು, ಮುಚ್ಚಿಡುವುದಿಲ್ಲ. ಕನಕದಾಸರ ನಳಚರಿತ್ರೆ ಹೈಸ್ಕೂಲಿನಿಂದ ಅವರಿಗೂ ಅಷ್ಟಿಷ್ಟು ಗೊತ್ತು. ನಾನು ವನಪರ್ವದ ಆ ಭಾಗ ಹೇಳಿದೆ: ರಾಜ್ಯ ಸೋತ ನಳ ಋತುಪರ್ಣನ ಸಾರಥಿಯಾಗಿ ರಥ ಓಡಿಸುವಾಗ, ಋತುಪರ್ಣ ದಾರಿಬದಿಯ ತಾರೆಮರದ ಎಲೆ, ಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿ ಹೇಳುತ್ತಾನೆ. ನಳ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡಿದರೆ ಲೆಕ್ಕ ಸರಿ. ಹಳೆಯ ಕಾಲದ ಪಗಡೆಯ ಕಾಯಿ ಆ ತಾರೆಕಾಯಿಯೇ. ಋತುಪರ್ಣ ನಳನಿಗೆ ಅಕ್ಷವಿದ್ಯೆ ಕೊಡುತ್ತಾನೆ, ಬದಲಿಗೆ ನಳ ಅವನಿಗೆ ಅಶ್ವವಿದ್ಯೆ ಕೊಡಲು ಒಪ್ಪುತ್ತಾನೆ. ಈ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳುವ ಋಷಿಯ ಹೆಸರೇ ಬೃಹದಶ್ವ.

ಮಾವ ಚಿತ್ರಾನ್ನ ಅಗಿಯುವುದನ್ನು ನಿಲ್ಲಿಸಿ ಕೇಳಿದರು: "ಆಮೇಲೆ ನಳ ಏನು ಮಾಡ್ದ?"

"ಪುಷ್ಕರನ ಜೊತೆ ಮತ್ತೆ ಆಡಿದ."

"ಗೆದ್ದನಾ?"

"ಗೆದ್ದ. ಒಂದೇ ಪಣದಲ್ಲಿ ಎಲ್ಲಾ ವಾಪಸ್ ಬಂತು."

"ನೋಡು ಮತ್ತೆ" ಎಂದರು ಮಾವ, ಡಬ್ಬಿ ಮುಚ್ಚುತ್ತಾ.

ನಾನು ಬಾಯಿ ಮುಚ್ಚಿದೆ. ಆರು ವರ್ಷದಿಂದ ಓದುತ್ತಿರುವ ಉಪಾಖ್ಯಾನದಲ್ಲಿ ನನಗೆ ಇದು ಕಂಡಿರಲಿಲ್ಲ. ನಳ ಜೂಜು ಬಿಡುವುದಿಲ್ಲ, ಜೂಜು ಕಲಿಯುತ್ತಾನೆ. ಕಲಿತು ಕೊನೆಯದೊಂದು ಆಟ ಆಡುತ್ತಾನೆ. ರೇಸ್ ಬುಕ್ಕು ಹಿಡಿದ ಪ್ರತಿಯೊಬ್ಬರೂ ಆ ತಾರೆಮರದ ಕೆಳಗೆ ನಿಂತವರೇ. ಇನ್ನೊಂಚೂರು ವಿದ್ಯೆ, ಇನ್ನೊಂದೇ ಪಣ. ಬೃಹದಶ್ವ ಕೂಡ ಧರ್ಮರಾಯನಿಗೆ ಕೊನೆಗೆ ಕೊಡುವುದು ಅಕ್ಷವಿದ್ಯೆಯನ್ನೇ, ಇನ್ನು ಆಡಬೇಡ ಎಂಬ ಉಪದೇಶವನ್ನಲ್ಲ. ಮುಂದೆ ವಿರಾಟನ ಅರಮನೆಯಲ್ಲಿ ಅಣ್ಣ ಪಗಡೆಯಾಡುವ ಕಂಕನಾಗಿ, ತಮ್ಮ ನಕುಲ ಕುದುರೆಲಾಯ ನೋಡುವವನಾಗಿ ಒಂದು ವರ್ಷ ಕಳೆಯುತ್ತಾರೆ.

ಮಾವ ತಂದಿದ್ದ ಮೂರು ಸಾವಿರ, ಕೊನೆಯ ರೇಸಿಗೆ ಒಂದು ಉಳಿದಿದ್ದಂತೆ ಮುಗಿದಿತ್ತು. ಕೊನೆಯದರ ಏಳನೇ ನಂಬರ್ ಬಗ್ಗೆ ಅವರು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು. ಬುಕ್ಕಿಯ ಬೋರ್ಡಿನಲ್ಲಿ ಒಂದಕ್ಕೆ ಎಂಟು ಇತ್ತು.

"ಎರಡು ಸಾವಿರ ಕೊಡೋ."

"ನನ್ನ ಹತ್ರ ಇಲ್ಲ ಮಾವ."

"ಮಾತ್ರೆದು ಇದೆಯಲ್ಲ."

"ಅದು ಅಮ್ಮನ ದುಡ್ಡು."

"ನಿಂದಲ್ಲ ತಾನೇ? ನಿಂದಲ್ಲದ್ದನ್ನ ಕೊಡಲ್ಲ ಅನ್ನೋಕೆ ನೀನ್ಯಾರು?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಮೂರನೇ ರೇಸಲ್ಲಿ ನೀನು ಕಟ್ಟಿದ್ದು ನಾನು ನೋಡಲಿಲ್ಲ ಅಂದ್ಕೊಂಡ್ಯಾ?"

ನನ್ನ ಮುಖ ಬಿಸಿಯಾಯಿತು. ಆದರೂ ಕೊಡಲಿಲ್ಲ. ಮಾವ ಮತ್ತೆ ಕೇಳಲಿಲ್ಲ. ಕಟಾಂಜನಕ್ಕೆ ಒರಗಿ ಬುಕ್ಕು ಸುರುಳಿ ಮಾಡಿ ಹಿಡಿದುಕೊಂಡರು. ಓಟ ಒಂದೂವರೆ ನಿಮಿಷವೂ ಇರಲಿಲ್ಲ. ಏಳನೇ ನಂಬರ್ ತಿರುವಿನಿಂದಲೇ ಮುಂದಿತ್ತು, ಮತ್ತೆ ಯಾವುದೂ ಹತ್ತಿರ ಬರಲಿಲ್ಲ. ಎರಡು ಸಾವಿರಕ್ಕೆ ತೆರಿಗೆ ಬಿಟ್ಟು ಹದಿನಾರು ಸಾವಿರದ ಲೆಕ್ಕ. ಮಾವ ಬುಕ್ಕು ಬಿಚ್ಚಿ, ಏಳರ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದರು. "ಡಬ್ಬಿ ತಗೊಂಡ್ಯಾ?" ಎಂದರು.

ನಾನು ಮಾಡಿದ್ದು ಸರಿಯೇ? ಪುಸ್ತಕದ ಉತ್ತರ ಸುಲಭ. ಕೆಲಸದ ಒಳ್ಳೆಯದು ಕೆಟ್ಟದ್ದು ಫಲದಿಂದ ತೀರ್ಮಾನವಾಗಬಾರದು. ಮಾತ್ರೆಯ ದುಡ್ಡನ್ನು ಕುದುರೆಗೆ ಕಟ್ಟುವುದು ಕುದುರೆ ಗೆದ್ದರೂ ತಪ್ಪೇ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಈ ಸುಲಭದ ಉತ್ತರವನ್ನು ಕಲಕಿದರು. ನೈತಿಕ ಅದೃಷ್ಟ ಎಂಬ ಮಾತು ಚಲಾವಣೆಗೆ ಬಂದದ್ದು ಆಗ. ಹೆಂಡತಿ ಮಕ್ಕಳನ್ನು ಬಿಟ್ಟು ಚಿತ್ರ ಬಿಡಿಸಲು ಟಹಿಟಿಗೆ ಹೋದ ಗೊಗ್ಯಾಂನನ್ನು ನೆನಪಿಸುವ ಕಲಾವಿದನೊಬ್ಬನನ್ನು ವಿಲಿಯಮ್ಸ್ ಉದಾಹರಿಸುತ್ತಾರೆ. ಅವನಿಗೆ ಏನಾದರೂ ಸಮರ್ಥನೆ ಇದ್ದರೆ ಅದು ಗೆಲುವಿನಿಂದಷ್ಟೇ ಬರಬೇಕು, ಗೆಲ್ಲುವನೇ ಎಂಬುದು ಹೊರಡುವಾಗ ಅವನಿಗೇ ಗೊತ್ತಿರುವುದಿಲ್ಲ. ಇಪ್ಪತ್ತೆಂಟರ ವಯಸ್ಸಿನಲ್ಲಿ, ಮನೆಗೆ ಬಿಡಿಗಾಸು ಕಳಿಸದೆ ಪಿಎಚ್‌ಡಿ ಮಾಡುವವನಿಗೆ ಈ ಉದಾಹರಣೆ ಓದುವಾಗ ಕುರ್ಚಿ ಚುಚ್ಚುತ್ತದೆ. ಮಾವ ಒಮ್ಮೆ ಹೇಳಿದ್ದರು: "ನಂದು ಒಂದೂವರೆ ನಿಮಿಷದ ರೇಸು, ನಿಂದು ಐದು ವರ್ಷದ್ದು."

ಆದರೆ ನನ್ನನ್ನು ಈಗಲೂ ಕಾಡುವುದು ಫಲವಲ್ಲ. ಅವರು ಕೇಳಿದ ಕ್ಷಣದಲ್ಲಿ ನಾನು ಮೊದಲು ಮಾಡಿದ ಕೆಲಸ ಯಾವುದೆಂಬುದು. ಅಮ್ಮನ ಮಾತು ನೆನೆಯಲಿಲ್ಲ. ಅತ್ತೆಯ ಬರಿ ಕತ್ತನ್ನು ನೆನೆಯಲಿಲ್ಲ. ಅವರ ಕೈಯಲ್ಲಿದ್ದ ಬುಕ್ಕನ್ನು ಇಣುಕಿ ನೋಡಿದೆ. ಏಳನೇ ನಂಬರಿಗೆ 59 ಕಿಲೋ ಭಾರ, ಹೊರಗಿನ ಡ್ರಾ, ಒದ್ದೆ ನೆಲದಲ್ಲಿ ಹಿಂದೆ ಎರಡು ಸಲ ಸೋತಿತ್ತು. ಬರಲ್ಲ ಅಂದುಕೊಂಡೆ. ಆಮೇಲೆ "ಅಮ್ಮನ ದುಡ್ಡು" ಎಂಬ ಮಾತು ಬಾಯಿಗೆ ಬಂತು. ಅಂದರೆ ನಾನು ತಡೆದದ್ದು ತಪ್ಪನ್ನಲ್ಲ, ಸೋಲನ್ನು. ಆ ಕುದುರೆಯ ವಿರುದ್ಧ ನಾನೂ ಎರಡು ಸಾವಿರ ಕಟ್ಟಿದ್ದೆ, ಟಿಕೆಟ್ ಒಂದು ಇರಲಿಲ್ಲ ಅಷ್ಟೇ. ಏಳನೇ ನಂಬರ್ ಸೋತಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಮಾವನನ್ನು ಕಾಪಾಡಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದೆ, ಬಹುಶಃ ಈ ಪುಟದಲ್ಲೂ. ಬುಕ್ಕಿನಲ್ಲಿ ಅದರ ಅಂಕಿಗಳು ಚೆನ್ನಾಗಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ನನ್ನ ಬಳಿ ಇಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಒಂದು ಸಾವಿರದ ಆರುನೂರ ನಲವತ್ತು ಆಯಿತು. ಮಾವ ಚೀಲವನ್ನು ತಾವೇ ಹಿಡಿದುಕೊಂಡರು. ಬಸ್‌ಸ್ಟಾಪಿನಲ್ಲಿದ್ದಾಗ ಅಮ್ಮನ ಫೋನು ಬಂತು. ಮೊದಲ ಮಾತೇ, "ಎಷ್ಟು ಕಳೆದ?" ನಾನು ತಡವರಿಸಿದ್ದನ್ನು ನೋಡಿ ಮಾವ ಫೋನು ಕಿತ್ತುಕೊಂಡರು.

"ಮೂರು ಸಾವಿರ ನಾನು ಕಳೆದೆ ಕಣಮ್ಮ. ಮಿಕ್ಕಿದ್ದು ನಿನ್ನ ಮಗನ್ನ ಕೇಳು."

ಅಮ್ಮ ಅದೇನೆಂದು ಕೇಳಲಿಲ್ಲ. ಮಾತ್ರೆ ಸಿಕ್ಕಿತಾ ಎಂದಳು. ಸಿಕ್ಕಿತು ಎಂದೆ.