ಗೆದ್ದೂ ಉಳಿಯದವರು

ಹಳೆಯ ಅಂಕಪಟ್ಟಿಗಳನ್ನು ಓದುವ ಚಟ ನನಗೆ ಯಾವಾಗಿನಿಂದಲೋ ಅಂಟಿಕೊಂಡಿದೆ. ಯಾವ ಆಟವಾದರೂ ಸರಿ, ಯಾವ ದೇಶದ್ದಾದರೂ ಸರಿ. ಈ ವರ್ಷ ಇದ್ದು ಮುಂದಿನ ವರ್ಷ ಕಾಣೆಯಾಗುವ ಹೆಸರನ್ನು ಕಣ್ಣು ತಾನಾಗಿಯೇ ಹುಡುಕುತ್ತದೆ. ಸಾಮಾನ್ಯವಾಗಿ ಅದು ಪಟ್ಟಿಯ ತಳದಲ್ಲೇ ಸಿಗುತ್ತದೆ. ಸೋತರು, ಜನ ಬರಲಿಲ್ಲ, ದುಡ್ಡು ಮುಗಿಯಿತು, ಬಾಗಿಲು ಹಾಕಿದರು. ಇಷ್ಟೇ ಕಥೆ ಎಂದುಕೊಂಡಿದ್ದೆ. ಫ್ಲೋರಿಡಾದ ಒರ್ಲ್ಯಾಂಡೊ ಪ್ಯಾಂಥರ್ಸ್ ನನ್ನ ಲೆಕ್ಕವನ್ನು ಕೆಡಿಸಿತು.

ಹೆಸರಿಗೆ ಫುಟ್‌ಬಾಲ್ ಆದರೂ ಕಾಲಿಗಿಂತ ಕೈಗೆ, ಕೈಗಿಂತ ಭುಜಕ್ಕೆ ಹೆಚ್ಚು ಕೆಲಸವಿರುವ ಆಟ ಅಮೆರಿಕದ್ದು. ಅದರ ದೊಡ್ಡಮನೆ ಎನ್‌ಎಫ್‌ಎಲ್. ಆ ಮನೆಯೊಳಗೆ ಜಾಗ ಸಿಗದವರು, ಸಿಕ್ಕರೂ ಉಳಿಸಿಕೊಳ್ಳಲಾಗದವರು ಆಡಲೆಂದು ಇದ್ದ ಜಗಲಿಗಳಲ್ಲಿ 1965ರಲ್ಲಿ ಶುರುವಾದ ಕಾಂಟಿನೆಂಟಲ್ ಫುಟ್‌ಬಾಲ್ ಲೀಗ್ ಕೂಡ ಒಂದು. ಪ್ಯಾಂಥರ್ಸ್ ಮೊದಲು ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ 'ಬೇರ್ಸ್' ಆಗಿತ್ತು. ಈ ಲೀಗಿನಲ್ಲಿ ಅಲ್ಲಿಂದ ಒಂದೇ ವರ್ಷ ಆಡಿ, 1966ರಲ್ಲಿ ಗಂಟುಮೂಟೆ ಕಟ್ಟಿ ಒರ್ಲ್ಯಾಂಡೊಗೆ ಬಂತು. ಕರಡಿ ದಕ್ಷಿಣಕ್ಕೆ ಬಂದು ಚಿರತೆಯಾಯಿತು ಅನ್ನಿ. ಬಂದ ವರ್ಷವೇ ಫೈನಲ್; ಹೆಚ್ಚುವರಿ ಸಮಯದಲ್ಲಿ ಫಿಲಡೆಲ್ಫಿಯಾ ಬುಲ್‌ಡಾಗ್ಸ್ ಎದುರು 20–17ರಿಂದ ಸೋಲು. ಮುಂದಿನ ಎರಡು ವರ್ಷವೂ ಚಾಂಪಿಯನ್. ಆಟ ನಡೆಸುತ್ತಿದ್ದವನು ಡಾನ್ ಜೋನಸ್ ಎಂಬ ಕ್ವಾರ್ಟರ್‌ಬ್ಯಾಕ್, 1962ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಪರವಾಗಿ ದೊಡ್ಡಮನೆಯ ಹೊಸ್ತಿಲು ತುಳಿದು ಹಿಂದಿರುಗಿದವನು.

ಇಂಥ ತಂಡ ಯಾಕೆ ಸತ್ತಿತು? ಉತ್ತರ ಮೈದಾನದಲ್ಲಿ ಸಿಗುವುದಿಲ್ಲ. 1960ರಲ್ಲಿ ಆಟ ಶುರುಮಾಡಿದ ಇನ್ನೊಂದು ಲೀಗ್, ಎಎಫ್‌ಎಲ್, ಟೆಲಿವಿಷನ್ ದುಡ್ಡಿನ ಬಲದಿಂದ ಎನ್‌ಎಫ್‌ಎಲ್ ಜೊತೆ ತೊಡೆತಟ್ಟಿ ನಿಂತು, 1966ರ ಜೂನ್‌ನಲ್ಲಿ ವಿಲೀನದ ಒಪ್ಪಂದ ಮಾಡಿಸಿಕೊಂಡಿತು. ಕಾಂಟಿನೆಂಟಲ್‌ನವರಿಗೂ ಅದೇ ದಾರಿ ಹಿಡಿಯುವ ಆಸೆ. ಆದರೆ ಅಣ್ಣತಮ್ಮಂದಿರು ರಾಜಿಯಾದ ಮೇಲೆ ಮೂರನೆಯವನಿಗೆ ಚೌಕಾಸಿ ಮಾಡಲು ಏನೂ ಉಳಿಯುವುದಿಲ್ಲ. ಸರಿಯಾದ ಟೆಲಿವಿಷನ್ ಒಪ್ಪಂದವೂ ಇರಲಿಲ್ಲ. ಗೇಟಿನಲ್ಲಿ ಬಂದ ಕಾಸಿನಲ್ಲೇ ಬದುಕು. 1969ರ ಋತುವಿಗೆ ಲೀಗ್ ಮುಗಿಯಿತು. ಪ್ಯಾಂಥರ್ಸ್ 1970ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಎಂಬ ಇನ್ನೂ ಚಿಕ್ಕ ಲೀಗಿನಲ್ಲಿ ಒಂದು ವರ್ಷ ಆಡಿ ಮುಚ್ಚಿತು.

ಆ ಇಸವಿಗಳನ್ನು ಊರಿನ ಇಸವಿಗಳ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಸಿವಿಸಿಯಾಯಿತು. ಒರ್ಲ್ಯಾಂಡೊ ಪಕ್ಕದಲ್ಲಿ ತನ್ನ ಹೊಸ ಲೋಕ ಕಟ್ಟುವುದಾಗಿ ವಾಲ್ಟ್ ಡಿಸ್ನಿ ಸಾರಿದ್ದು 1965ರ ನವೆಂಬರ್‌ನಲ್ಲಿ. ಅದರ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಈ ಎರಡರ ನಡುವಿನ ಸಂದಿಯಲ್ಲಿ ಸರಿಯಾಗಿ ಹೊಂದಿ ಕೂರುತ್ತದೆ ಪ್ಯಾಂಥರ್ಸ್ ಆಯುಷ್ಯ. ಕಿತ್ತಳೆ ತೋಟಗಳ ನಡುವಿನ ಊರು ಇನ್ನೇನೋ ಆಗಲು ಕಾಯುತ್ತಿದ್ದಾಗ, ಅದಕ್ಕೆ ಜೊತೆಯಾಗಿದ್ದ ತಂಡ ಅದು. ನೆಂಟರು ಬರುವ ಹೊತ್ತಿಗೆ ಜಗಲಿ ಗುಡಿಸಿಟ್ಟವರು ಮನೆಯಲ್ಲಿರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಎರಡು ಪ್ರಶಸ್ತಿ ಗೆದ್ದದ್ದಕ್ಕಾಗಿ ನಾನೇನೂ ಈ ತಂಡವನ್ನು ಹುಡುಕಿಕೊಂಡು ಹೋದವನಲ್ಲ. ನನ್ನನ್ನು ಅಲ್ಲಿಗೆ ಮುಟ್ಟಿಸಿದ್ದು 1970ರ ಆಗಸ್ಟ್ 15ರ ರಾತ್ರಿಯ ಒಂದು ಎಡವಟ್ಟು. ಟಚ್‌ಡೌನ್ ಆದ ಮೇಲೆ ಹೆಚ್ಚುವರಿ ಅಂಕಕ್ಕೆ ಒದೆಯುವಾಗ ಚೆಂಡನ್ನು ನೆಲದ ಮೇಲೆ ಹಿಡಿದು ನಿಲ್ಲಿಸಲು ಒಬ್ಬರು ಬೇಕು. ಆ ರಾತ್ರಿ ಬ್ರಿಜ್‌ಪೋರ್ಟ್ ಜೆಟ್ಸ್ ವಿರುದ್ಧ ಆ ಕೆಲಸಕ್ಕೆ ಮಂಡಿಯೂರಿದ್ದು ಪೆಟ್ರಿಷಿಯಾ ಪಲಿಂಕಾಸ್. ಒದೆಯಲು ನಿಂತವನು ಆಕೆಯ ಗಂಡ. ಗಂಡಸರ ವೃತ್ತಿಪರ ಫುಟ್‌ಬಾಲ್‌ನಲ್ಲಿ ಆಡಿದ ಮೊದಲ ಹೆಂಗಸೆಂದು ಆಕೆಯ ಹೆಸರು ನಿಂತಿದೆ. ಚೆಂಡು ಕೈಗೆ ಸರಿಯಾಗಿ ಬರಲಿಲ್ಲ. ಎದುರಾಳಿ ಕಡೆಯ ದೈತ್ಯನೊಬ್ಬ ಬಂದು ಅಪ್ಪಳಿಸಿ ಕೆಡವಿದ. ಆಕೆ ಎದ್ದಳು, ಅದೇ ಪಂದ್ಯದಲ್ಲಿ ಮತ್ತೆ ಬಂದು ಹಿಡಿದಳು. ಕೆಡವಿದ್ದನ್ನು ಎಲ್ಲರೂ ಬರೆದಿದ್ದಾರೆ. ಆಮೇಲೆ ಕೆಡದೆ ಹಿಡಿದದ್ದು ಕೊನೆಯ ಸಾಲಿಗೆ ಹೋಗಿದೆ.

ಅಂದರೆ ಗೆದ್ದ ವರ್ಷಗಳು ನನ್ನ ಕಿವಿಗೆ ಬೀಳಲೇ ಇಲ್ಲ, ಕೈ ಜಾರಿದ ಒಂದು ಕ್ಷಣ ಬಿತ್ತು. ನೆನಪು ಯೋಗ್ಯತೆ ನೋಡಿ ಆರಿಸುತ್ತದೆ ಎಂದು ನಂಬಿಕೊಂಡಿದ್ದ ನನಗೆ ಇದು ಸ್ವಲ್ಪ ನುಂಗಲಾರದ ಮಾತೇ. ನಾನೂ ಆ ಅನ್ಯಾಯದ ಪಾಲುದಾರ: ಪಲಿಂಕಾಸ್ ಇಲ್ಲದಿದ್ದರೆ ಈ ಬರಹವೇ ಇಲ್ಲ.

ಜೋನಸ್ ಮಾತ್ರ ಕಾಣೆಯಾದವರ ಪಟ್ಟಿಯಿಂದ ಹೊರಗೆ ಉಳಿದುಕೊಂಡ. ಕೆನಡಾಕ್ಕೆ ಹೋಗಿ, 1971ರಲ್ಲಿ ವಿನಿಪೆಗ್ ಪರವಾಗಿ ಆಡುತ್ತ ಅಲ್ಲಿನ ಲೀಗಿನ ಅತ್ಯುತ್ತಮ ಆಟಗಾರನಾದ. ಅಷ್ಟು ಹೊತ್ತಿಗೆ ಒರ್ಲ್ಯಾಂಡೊದಲ್ಲಿ ಪ್ಯಾಂಥರ್ಸ್ ಆಡಿದ್ದ ಟ್ಯಾಂಜರಿನ್ ಬೌಲ್ ಮೈದಾನ ಮತ್ತೊಬ್ಬರನ್ನು ಕಾಯುತ್ತಿತ್ತು. 1974ರಲ್ಲಿ ಫ್ಲೋರಿಡಾ ಬ್ಲೇಜರ್ಸ್ ಬಂತು; ವಾರಗಟ್ಟಲೆ ಸಂಬಳ ಕಾಣದ ಆಟಗಾರರು ಫೈನಲ್‌ವರೆಗೆ ಹೋಗಿ ಒಂದೇ ಅಂಕದಿಂದ ಸೋತರು. ಆ ತಂಡವೂ ಮುಚ್ಚಿತು. 1979ರಲ್ಲಿ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯ ಮೊದಲ ಬಾರಿಗೆ ಫುಟ್‌ಬಾಲ್ ತಂಡ ಕಟ್ಟಿದಾಗ ಕೋಚ್ ಆಗಿ ಬಂದವನು ಜೋನಸ್. ತವರಿನ ಪಂದ್ಯಗಳು ಅದೇ ಟ್ಯಾಂಜರಿನ್ ಬೌಲ್‌ನಲ್ಲಿ. ಪ್ಯಾಂಥರ್ಸ್ ಗೆಲ್ಲುತ್ತಿದ್ದಾಗ ಆ ಹುಡುಗರು ಪ್ರಾಥಮಿಕ ಶಾಲೆಯ ವಯಸ್ಸಿನವರು. ಯಾವ ಹುಲ್ಲಿನ ಮೇಲೆ ನಿಂತು ಹೇಳಿಕೊಡುತ್ತಿದ್ದಾನೆ ಎಂಬುದು ಆತನಿಗೆ ಗೊತ್ತಿತ್ತು.