ಮೊದಲ ಯಜಮಾನ

ಕೆಲವು ತಿಂಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಬಳಿಕ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಮಗನಿಗೆ ಲಾರಿ ಓಡಿಸುವ ಹೆವಿ ಲೈಸೆನ್ಸ್ ಆಗಷ್ಟೇ ಕೈಸೇರಿತ್ತು. ಎರಡು ಕಡೆಗಳಿಂದ ಕೆಲಸಕ್ಕೆ ಕರೆ ಬಂದಿತ್ತು. ಊರಿನಲ್ಲೇ ಮೂರು ಲಾರಿಗಳನ್ನು ಇಟ್ಟಿರುವ ಮಾಲೀಕರೊಬ್ಬರು ಒಳ್ಳೆಯ ಸಂಬಳ, ಟ್ರಿಪ್ಪಿಗೆ ಬಾಟಾ, ಜೊತೆಗೆ 50,000 ರೂಪಾಯಿ ಮುಂಗಡ ಕೊಡುವುದಾಗಿ ಹೇಳಿದ್ದರು. ಮಂಗಳೂರಿನ ಸಾರಿಗೆ ಸಂಸ್ಥೆಯೊಂದು, ಮೊದಲ ಆರು ತಿಂಗಳು ಎರಡನೆಯ ಚಾಲಕನಾಗಿರಬೇಕು, ಸಂಬಳ ಕಡಿಮೆ, ಮುಂಗಡವಿಲ್ಲ ಎಂದಿತ್ತು. ಮನೆಯಲ್ಲಿ ಅಕ್ಕನ ಮದುವೆಯ ಸಾಲ ತೀರಿರಲಿಲ್ಲ. “ಸ್ವಾಮಿ, ಇವನನ್ನು ಎಲ್ಲಿಗೆ ಸೇರಿಸಲಿ?” ಎಂದು ತಾಯಿ ಕೇಳಿದರು. ಪ್ರಾರ್ಥಿಸೋಣ, ಮುಂದಿನ ವಾರ ಬನ್ನಿ ಎಂದೆ. ಉತ್ತರ ತಿಳಿಯದಾಗ ನಾವು ಗುರುಗಳು ಹೂಡುವ ಉಪಾಯವಿದು.

ಆ ವಾರವೆಲ್ಲ ಗುರುಮಠದಲ್ಲಿ ಕಲಿತ ಪಾಠವೊಂದು ನೆನಪಾಗುತ್ತಿತ್ತು. ಯಜಮಾನನು ದುಷ್ಕೃತ್ಯಕ್ಕಾಗಿ ಪರರ ಮನೆಯ ಕಿಟಕಿ ಹತ್ತುತ್ತಾನೆ. ಸೇವಕನು ಏಣಿ ಹಿಡಿಯುತ್ತಾನೆ. ಮನೆಯಿಂದ ಹೊರಹಾಕಿಯಾರೆಂಬ ಭಯದಿಂದ ಹಾಗೆ ಮಾಡಿದವನಿಗೆ ಮಾರಕ ಪಾಪವಿಲ್ಲ ಎಂಬ ವಾದವನ್ನು 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ತಿರಸ್ಕರಿಸಿದರು. ಮುಂದಿನ ಶತಮಾನದಲ್ಲಿ ಸಂತ ಅಲ್ಫೋನ್ಸ್ ಲಿಗೋರಿಯವರು ಅದೇ ಸೇವಕನ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡು, ಅವನ ಭಯವನ್ನೂ ತೂಗಿ ನೋಡಿದರು. ವಿದ್ಯಾರ್ಥಿಗಳಾಗಿದ್ದ ನಮಗೆ ಇದೆಲ್ಲ ತಮಾಷೆಯಾಗಿ ಕಂಡಿತ್ತು. ನಮ್ಮಲ್ಲಿ ಯಾರ ಮನೆಯಲ್ಲೂ ಸೇವಕರಿರಲಿಲ್ಲ.

ಇಂದಿನ ಏಣಿ ಲಾರಿಯ ಸ್ಟಿಯರಿಂಗ್ ಆಗಿರಬಹುದು. ಮಿತಿಮೀರಿದ ಲೋಡು ಹೇರಿಸುವವನು ಮಾಲೀಕ, ಓಡಿಸುವವನು ಚಾಲಕ. 2019ರ ತಿದ್ದುಪಡಿಯ ನಂತರ ಇದಕ್ಕೆ 20,000 ರೂಪಾಯಿ ದಂಡ; ಹೆಚ್ಚುವರಿ ಟನ್ ಒಂದಕ್ಕೆ ಮತ್ತೆ 2,000. ಓಡಿಸಿದವನನ್ನೂ ಓಡಿಸಲು ಬಿಟ್ಟವನನ್ನೂ ಕಾನೂನು ಒಟ್ಟಿಗೇ ಹೊಣೆ ಮಾಡುತ್ತದೆ. ನಿದ್ರೆಯ ವಿಷಯ ಇನ್ನೂ ಗಂಭೀರ. ದಿನಕ್ಕೆ ಎಂಟು ಗಂಟೆ, ದೂರದ ಹಾದಿಗಳಲ್ಲಿ ಅನುಮತಿ ಪಡೆದು ಹತ್ತು ಗಂಟೆಯವರೆಗೆ ದುಡಿಸಬಹುದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಮಿತಿ ಹಾಕಿತ್ತು. ರಾತ್ರಿ ಎರಡು ಗಂಟೆಗೆ ಶಿರಾಡಿ ಘಾಟಿ ಇಳಿಯುವವನ ಕಣ್ಣು ಕಾಯಿದೆಯ ಮಾತು ಕೇಳುವುದಿಲ್ಲ. “ಬೆಳಗಾಗುವುದರೊಳಗೆ ಮಾಲು ತಲುಪಬೇಕು” ಎಂಬ ಫೋನಿನ ಮಾತನ್ನು ಮಾತ್ರ ಅವನ ಕಿವಿ ಕೇಳುತ್ತದೆ. ಎದುರಿನಿಂದ ಬರುವ ಕಾರಿನಲ್ಲಿ ಒಂದು ಕುಟುಂಬ ಮಲಗಿ ನಿದ್ರಿಸುತ್ತಿರಬಹುದು.

ಆಗ ಲಾರಿ ನಿಲ್ಲಿಸುವ ಧೈರ್ಯ ಹುಡುಗನಿಗಿರಬೇಕು ಎನ್ನುವುದು ಸುಲಭ. ನಮ್ಮ ನೀತಿಶಾಸ್ತ್ರದ ಪುಸ್ತಕಗಳು ಸೇವಕನನ್ನು ಏಣಿಯ ಬುಡದಲ್ಲಿ ನಿಲ್ಲಿಸಿದ ಮೇಲೆಯೇ ಪ್ರಶ್ನೆ ಕೇಳುತ್ತವೆ. ಆ ಮನೆಗೆ ಅವನು ಸೇರಿದ್ದು ಹೇಗೆ, ಬಿಟ್ಟುಹೋಗಲು ಅವನಿಗೆ ಬಾಗಿಲು ತೆರೆದಿತ್ತೇ ಎಂದು ನಾವು ಕೇಳಿದ್ದು ಕಡಿಮೆ. ನನ್ನ ಮಟ್ಟಿಗೆ ಆತ್ಮಸಾಕ್ಷಿಯ ನಿಜವಾದ ನಿರ್ಧಾರ ಘಾಟಿಯಲ್ಲಿ ಆಗುವುದಲ್ಲ, ಕೆಲಸಕ್ಕೆ ಸೇರುವ ದಿನ ಆಗುವುದು. ಆಗದು ಎಂದು ಹೇಳಿಯೂ ಕೆಲಸದಲ್ಲಿ ಉಳಿಯಬಹುದಾದ ಯಜಮಾನ ಯಾರು? ಸಂಬಳದ ಪ್ರಶ್ನೆ ಅದರ ನಂತರದ್ದು.

ಹಾಗೆ ನೋಡಿದಾಗ ಆ ಮುಂಗಡದ ಹಣ ಬೇರೆಯೇ ರೂಪ ತಾಳುತ್ತದೆ. ಆ ಮಾಲೀಕರು ಕೆಟ್ಟವರೆಂದು ನಾನು ಹೇಳಲಾರೆ. ಅವರ ಲಾರಿಗಳಿಗೂ ಬ್ಯಾಂಕಿನ ಕಂತುಗಳಿವೆ. ಆದರೆ ಆ ಹಣ ತೀರುವವರೆಗೆ ಹುಡುಗನ ನಾಲಗೆ ಅವನದಲ್ಲ. ಮುಂಗಡಕ್ಕೆ ಪ್ರತಿಯಾಗಿ ಮನುಷ್ಯನ ದುಡಿಮೆಯನ್ನೇ ಕಟ್ಟಿಹಾಕುವ ಜೀತವನ್ನು ನಮ್ಮ ದೇಶ 1976ರಲ್ಲೇ ಕಾನೂನಿನಿಂದ ರದ್ದುಗೊಳಿಸಿತು. ಊರಿನ ಮುಂಗಡವೆಲ್ಲ ಜೀತವಲ್ಲ, ನಿಜ. ಆದರೂ ಎರಡರ ನಡುವಿನ ಗೆರೆ ತುಂಬ ತೆಳು.

ಬಡವರಿಗೆ ಆಯ್ಕೆ ಎಲ್ಲಿದೆ ಸ್ವಾಮಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಗತ್ಯದ ಒತ್ತಡದಿಂದ ಕಠಿಣ ಷರತ್ತಿಗೆ ಒಪ್ಪಿದ ಕಾರ್ಮಿಕನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ತುತ್ತಾದವನೇ ಎಂಬ ಅರ್ಥದಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಬರೆದರು. ಸಾಲಗಾರ ತಾಯಿಗೆ ಮುಂಗಡ ಬೇಡವೆಂದು ಉಪದೇಶಿಸಿ ಕಳುಹಿಸಿದರೆ, ಬಟ್ಟೆ ಕೊಡದೆ ಬೆಚ್ಚಗಿರು ಎಂದು ಹರಸುವವನ ಬಗ್ಗೆ ಯಕೋಬನು ತನ್ನ ಪತ್ರದಲ್ಲಿ ಹೇಳಿದ್ದು ನನಗೇ ಸಲ್ಲುತ್ತದೆ. ಆದುದರಿಂದ ಮೊದಲು ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರೊಂದಿಗೆ ಮಾತನಾಡಿದೆ. ಬಡ್ಡಿಯಿಲ್ಲದೆ ಸ್ವಲ್ಪ ಹಣ ಹೊಂದಿಸಲು ಅವರು ಒಪ್ಪಿದರು. ಪೂರ್ತಿ ಸಾಲಕ್ಕೆ ಅದು ಸಾಲದು. ಎರಡು ಮೂರು ಕಂತುಗಳಿಗೆ ಸಾಕು.

ಮುಂದಿನ ಭಾನುವಾರ ಹುಡುಗನಿಗೆ ಹೇಳಿದೆ: “ಎರಡೂ ಕಡೆ ನೀನೇ ಹೋಗಿ ಮೂರು ಮಾತು ಕೇಳು, ಮಗು. 2024ರ ಜುಲೈ ಮಳೆಗೆ ಆದಂತೆ ಘಾಟಿ ಕುಸಿದು ಲಾರಿ ನಿಂತರೆ ಆ ದಿನಗಳ ಬಾಟಾ ಯಾರು ಕೊಡುತ್ತಾರೆ? ನಿದ್ರೆ ಬಂದು ನಿಲ್ಲಿಸಿದರೆ ಸಂಬಳ ಹಿಡಿಯುತ್ತೀರಾ? ಲೋಡು ಹೆಚ್ಚಾಗಿದೆ ಎಂದು ನಾನು ಹೊರಡದಿದ್ದರೆ?” ಊರಿನ ಮಾಲೀಕರು ನಕ್ಕು, ಮೊದಲು ಲಾರಿ ಹತ್ತು, ಆಮೇಲೆ ಮಾತಾಡೋಣ ಎಂದರಂತೆ. ಮಂಗಳೂರಿನ ಮ್ಯಾನೇಜರು ಮೊದಲೆರಡಕ್ಕೆ ಕಾಗದದಲ್ಲಿ ಬರೆದದ್ದನ್ನು ತೋರಿಸಿದರು, ಮೂರನೆಯದಕ್ಕೆ ಜಾರಿಕೊಂಡರು. ದೊಡ್ಡ ಸಂಸ್ಥೆ ಎಂದ ಮಾತ್ರಕ್ಕೆ ಪುಣ್ಯಕ್ಷೇತ್ರವಲ್ಲ. ಆದರೂ ಹುಡುಗ ಮಂಗಳೂರಿಗೇ ಹೋದ. ತಾಯಿ ತೋಟದ ಕೂಲಿಯಿಂದ ಉಳಿದ ಕಂತು ಕಟ್ಟುತ್ತಿದ್ದಾರೆ. ನನ್ನ ಮೇಲೆ ಅವರಿಗೆ ಸ್ವಲ್ಪ ಅಸಮಾಧಾನವೂ ಇದೆ.

ಕಳೆದ ತಿಂಗಳು ಅದೇ ಊರಿನ ಮಾಲೀಕರು ತಮ್ಮ ಹೊಸ ಲಾರಿಯನ್ನು ಆಶೀರ್ವಾದಕ್ಕೆಂದು ದೇವಾಲಯದ ಅಂಗಳಕ್ಕೆ ತಂದರು. ಹೂವಿನ ಹಾರ, ಗಾಜಿನ ಬಳಿ ಸಂತ ಕ್ರಿಸ್ಟೋಫರರ ಪುಟ್ಟ ಪ್ರತಿಮೆ. ಇಷ್ಟು ವರ್ಷಗಳಲ್ಲಿ ನಾನು ಎಷ್ಟೋ ವಾಹನಗಳ ಮೇಲೆ ತೀರ್ಥ ಪ್ರೋಕ್ಷಿಸಿದ್ದೇನೆ. ಓಡಿಸುವವನ ಬಗ್ಗೆ ಒಂದು ಮಾತೂ ಕೇಳಿದವನಲ್ಲ. ಅಂದು ಕೇಳಿದೆ: “ಇದರಲ್ಲಿ ಚಾಲಕರು ಎಷ್ಟು ಮಂದಿ?” ಅವರು ಒಂದು ಕ್ಷಣ ಸುಮ್ಮನಿದ್ದು, “ಸದ್ಯಕ್ಕೆ ಒಬ್ಬನೇ ಸ್ವಾಮಿ, ಇನ್ನೊಬ್ಬನನ್ನು ನೋಡುತ್ತಿದ್ದೇನೆ” ಎಂದರು. ಆ ಒಬ್ಬ ಚಾಲಕ ಸ್ವಲ್ಪ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನನ್ನು ಹತ್ತಿರಕ್ಕೆ ಕರೆದು, ಮೊದಲು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ.